ಚೂಟಿಗೊಂದು ಬಿಲ

ಒಂಬತ್ತು ತಿಂಗಳ ಮರಿಯಾಗಿದ್ದಾಗ ಚೂಟಿ ಹಿತ್ತಲಿನ ಕಲ್ಲುರಾಶಿಯೊಳಗೆ ಸಿಕ್ಕಿಹಾಕಿಕೊಂಡಳು. ಇಲಿಯೊಂದು ಸಂದಿಗೆ ನುಗ್ಗಿತು, ಅದರ ಹಿಂದೆಯೇ ಇವಳೂ. ಕ್ಷಣದಲ್ಲಿ ಬಾಲವೂ ಕಾಣದಾಯಿತು. ಒಳಗಿಂದ ಬೊಗಳುವ ಸದ್ದು ಮಾತ್ರ ಕೇಳುತ್ತಿತ್ತು. ಹೆಸರು ಹಿಡಿದು ಕೂಗಿದೆ. ಅವಳಿಗೆ ಪ್ರಾಣವಾದ ಚೆಂಡನ್ನು ಪುಟಿಸಿ ಸದ್ದು ಮಾಡಿದೆ. ಊಹೂಂ. ನಾನೂ ನನ್ನ ತಂಗಿಯೂ ಒಂದೊಂದೇ ಕಲ್ಲು ಎತ್ತಿಡುತ್ತಾ ಹೋದೆವು. ಎರಡೂವರೆ ಗಂಟೆ ಹಿಡಿಯಿತು. ಸಿಕ್ಕಾಗ ಮೂಗಿನ ಮೇಲೆ ಗೀರು, ಬಾಯಿ ತುಂಬ ಮಣ್ಣು. ಹೆದರಿಕೆಯ ಸುಳಿವೇ ಇಲ್ಲ. ಎದೆಗವಚಿಕೊಂಡರೆ ಮತ್ತೆ ಅದೇ ಸಂದಿಯ ಕಡೆಗೆ ಜಗ್ಗುತ್ತಿದ್ದಳು.

ಅಲ್ಲಿಯವರೆಗೆ ಇವಳ ಹಟ ಬಿಡಿಸಬೇಕು ಅಂತಲೇ ನಾನು ಒದ್ದಾಡುತ್ತಿದ್ದೆ. ಅವತ್ತು ರಾತ್ರಿ ಅವಳ ಮೂಗಿಗೆ ಔಷಧಿ ಹಚ್ಚುವಾಗ ಅರ್ಥವಾಯಿತು. ಇದು ತುಂಟತನ ಅಲ್ಲ, ಇದು ಅವಳ ಕಸುಬು.

ಚೂಟಿ ಜ್ಯಾಕ್ ರಸೆಲ್ ಟೆರಿಯರ್. ಟೆರಿಯರ್ ಅನ್ನುವ ಹೆಸರಿನ ಬೇರು ಇರುವುದೇ ಮಣ್ಣಿನಲ್ಲಿ. ಲ್ಯಾಟಿನ್‌ನಲ್ಲಿ 'ಟೆರಾ' ಅಂದರೆ ನೆಲ. ಈ ತಳಿಗೆ ಹೆಸರು ಬಂದದ್ದು ಇಂಗ್ಲೆಂಡಿನ ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್ (1795–1883) ಅವರಿಂದ. ಜ್ಯಾಕ್ ಅನ್ನುವುದು ಜಾನ್‌ನ ಮುದ್ದಿನ ರೂಪ. ನರಿ ಬೇಟೆಯ ಹುಚ್ಚಿದ್ದವರು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಅನ್ನುವ ಹೆಣ್ಣುನಾಯಿಯನ್ನು ಕೊಂಡರಂತೆ. ಮೈಯೆಲ್ಲ ಬಿಳಿ, ಕಣ್ಣು ಕಿವಿಯ ಹತ್ತಿರ ಕಂದು, ಬಾಲದ ಬುಡದಲ್ಲಿ ನಾಣ್ಯದಷ್ಟು ಒಂದು ಮಚ್ಚೆ. ನಮ್ಮ ಚೂಟಿಗೂ ಬಾಲದ ಬುಡದಲ್ಲಿ ಅಂಥದ್ದೇ ಒಂದು ಮಚ್ಚೆ ಇದೆ. ಆ ಕಥೆ ಓದಿದ ದಿನ ಅವಳನ್ನು ತಿರುಗಿಸಿ ನಿಲ್ಲಿಸಿ ಆ ಮಚ್ಚೆಯನ್ನು ಎಷ್ಟೋ ಹೊತ್ತು ನೋಡಿದ್ದೆ.

ರಸೆಲ್ ಅವರಿಗೆ ಬೇಕಿದ್ದದ್ದು ನರಿಯನ್ನು ಕೊಲ್ಲುವ ನಾಯಿ ಅಲ್ಲ. ಬಿಲಕ್ಕೆ ನುಗ್ಗಿ, ನರಿಗೆ ಎದುರಾಗಿ ನಿಂತು ಬೊಗಳಿ ಬೊಗಳಿ ಅದನ್ನು ಹೊರಗೆ ಓಡಿಸುವ ನಾಯಿ. ಅಂಥ ನಾಯಿಗೆ ಏನೇನು ಬೇಕು ಯೋಚಿಸಿ. ಬಿಲದ ಕತ್ತಲಲ್ಲಿ ಯಜಮಾನನ ಕೈಸನ್ನೆ ಕಾಣಲ್ಲ, ಮಾತು ಕೇಳಲ್ಲ. ಮುಂದೆ ಹೋಗಬೇಕಾ, ಅಲ್ಲೇ ನಿಲ್ಲಬೇಕಾ ಅಂತ ತಾನೇ ತೀರ್ಮಾನ ಮಾಡಬೇಕು. ತನಗಿಂತ ದೊಡ್ಡದು ಎದುರಿಗಿದ್ದರೂ ಹಿಂದೆ ಸರಿಯಬಾರದು. ಒಂದೇ ಸಮನೆ ಬೊಗಳುತ್ತಿರಬೇಕು. ಮನೆಯಲ್ಲಿ ನಾವು ಮೊಂಡುತನ, ಗಲಾಟೆ, ಮಾತು ಕೇಳಲ್ಲ ಅಂತ ದೂರುವುದೆಲ್ಲ ಇದೇ ಗುಣಗಳು ಅಲ್ವಾ? ಒಂದು ಕಾಲದಲ್ಲಿ ಇವುಗಳಿಗಾಗಿಯೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ.

ಬಿಲದ ಲೆಕ್ಕ ಅವಳ ಮೈಕಟ್ಟಿನಲ್ಲೂ ಇದೆ. ಮುಂಗಾಲುಗಳ ಹಿಂದೆ ಎದೆಯನ್ನು ಎರಡೂ ಕೈಯಿಂದ ಬಳಸಿ ಹಿಡಿದರೆ, ಮೇಲೆ ಹೆಬ್ಬೆರಳುಗಳು, ಕೆಳಗೆ ಉಳಿದ ಬೆರಳುಗಳು ಒಂದಕ್ಕೊಂದು ತಾಗಬೇಕು. ಸುತ್ತಳತೆ 40ರಿಂದ 43 ಸೆಂಟಿಮೀಟರ್ ಅಂತ ತಳಿಯ ಮಾನದಂಡವೇ ಹೇಳುತ್ತದೆ. ಎದೆ ಅದಕ್ಕಿಂತ ದಪ್ಪಗಿದ್ದರೆ ನರಿಯ ಬಿಲದಲ್ಲಿ ನಾಯಿ ಸಿಕ್ಕಿಬೀಳುತ್ತದೆ. ನಾನು ತಿಂಗಳಿಗೊಮ್ಮೆ ಹೀಗೆ ಹಿಡಿದು ನೋಡುತ್ತೇನೆ. ಚೂಟಿ ಸುಮ್ನೆ ನಿಂತಿರುತ್ತಾಳೆ, ಅಂಗೈಗೆ ಅವಳ ಎದೆಬಡಿತ ಟಕಟಕ ಅಂತ ತಾಗುತ್ತದೆ. ಹೋದ ವರ್ಷ ಮಳೆಗಾಲದಲ್ಲಿ ಬೆರಳುಗಳ ನಡುವೆ ಒಂದಿಷ್ಟು ಜಾಗ ಉಳಿಯಿತು. ಅವತ್ತೇ ಅವಳ ತಟ್ಟೆಯ ಪಾಲು ಕಡಿಮೆ ಮಾಡಿದೆ. ಆರು ಕಿಲೋ ನಾಯಿಗೆ ಅರ್ಧ ಕಿಲೋ ಏರಿದರೂ ಮೊಣಕಾಲಿಗೆ ಭಾರ. ಈ ತಳಿಯಲ್ಲಿ ಮಂಡಿಚಿಪ್ಪು ಜಾರುವ ತೊಂದರೆ ಮೊದಲೇ ಇದೆ.

ಕಲ್ಲುರಾಶಿಯ ಘಟನೆ ಆದ ವಾರವೇ ಮಾಡಿದ ಮೊದಲ ಕೆಲಸ, ಅಗೆಯುವುದಕ್ಕೆ ಅಂತಲೇ ಅವಳಿಗೊಂದು ಜಾಗ ಕೊಟ್ಟದ್ದು. ನಾಲ್ಕು ಹಲಗೆ ಜೋಡಿಸಿ ಚೌಕ ಮಾಡಿ ಮರಳು, ಸಡಿಲ ಮಣ್ಣು ಬೆರೆಸಿ ತುಂಬಿದೆ. ದಿನಾ ಬೆಳಿಗ್ಗೆ ಅವಳ ಕಣ್ಣು ತಪ್ಪಿಸಿ ಮೂರು ಆಟಿಕೆ ಹೂತಿಡುತ್ತೇನೆ. ಬಾಗಿಲು ತೆಗೆದ ಕೂಡಲೇ ಓಡಿಹೋಗಿ ಮೂಗು ನೆಲಕ್ಕಿಟ್ಟು ಒಂದು ಸುತ್ತು ಬರುತ್ತಾಳೆ. ಒಂದು ಕಡೆ ನಿಲ್ಲುತ್ತಾಳೆ. ತಲೆ ಓರೆ ಮಾಡುತ್ತಾಳೆ. ಆಮೇಲೆ ಮುಂಗಾಲು ಎರಡೂ ಒಟ್ಟಿಗೆ ಕೆಲಸ ಶುರು ಮಾಡುತ್ತವೆ, ಮಣ್ಣು ಹಿಂಗಾಲಿನ ಸಂದಿಯಿಂದ ಹಿಂದಕ್ಕೆ ಚಿಮ್ಮುತ್ತದೆ. ನಡುವೆ ಫುಸ್ ಅಂತ ಮೂಗಿನ ಧೂಳು ಹಾರಿಸಿ ಮತ್ತೆ ಮೂಸುತ್ತಾಳೆ. ಇಷ್ಟು ಮಾಡಿದ ಮೇಲೆ ಹೂಗಿಡಗಳ ಬುಡಕ್ಕೆ ಅವಳು ಕೈ ಹಾಕುವುದು ಬಹಳ ಅಪರೂಪ.

ಸುಮ್ನೆ ನಡೆಸಿ ನಡೆಸಿ ಇವುಗಳನ್ನು ದಣಿಸುತ್ತೇವೆ ಅಂದರೆ ಆಗಲ್ಲ. ಅರ್ಧ ಗಂಟೆ ಮೂಗಿಗೆ ಕೆಲಸ ಕೊಟ್ಟರೆ ಸಿಗುವ ನೆಮ್ಮದಿ ಎರಡು ಗಂಟೆ ಓಡಿಸಿದರೂ ಸಿಗಲ್ಲ. ಪಾಠವೂ ಅಷ್ಟೇ, ಐದೈದು ನಿಮಿಷ, ದಿನಕ್ಕೆ ಮೂರು ಸಲ. ಗದರಿದರೆ ಅವಳೂ ತಿರುಗಿ ಬೊಗಳುತ್ತಾಳೆ. ಹಗ್ಗ ಜಗ್ಗಾಟದ ಆಸೆ ತೋರಿಸಿದರೆ ಏನು ಬೇಕಾದರೂ ಕಲಿಯುತ್ತಾಳೆ. ಆದರೆ ಬೇಲಿಯಿಲ್ಲದ ಜಾಗದಲ್ಲಿ ಬೆಲ್ಟ್ ಬಿಚ್ಚುವುದಿಲ್ಲ. ಏನಾದರೂ ಓಡಿದ್ದು ಕಂಡರೆ ಅವಳಿಗೆ ನನ್ನ ದನಿ ಕೇಳುವುದೇ ಇಲ್ಲ. ಮೊಲ, ಗಿನಿಪಿಗ್ ಸಾಕಿರುವ ಮನೆಗೆ ಈ ತಳಿ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪುಟ್ಟ ನಾಯಿ, ಪುಟ್ಟ ಮನೆಗೆ ಸಾಕು ಅಂತ ತಂದು, ಇಡೀ ದಿನ ಒಂಟಿಯಾಗಿ ಬಿಟ್ಟು ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ.

ಕೂದಲಿನ ಬಗ್ಗೆ ಒಂದು ಮಾತು. ಜ್ಯಾಕ್ ರಸೆಲ್‌ಗಳಲ್ಲಿ ನುಣುಪು ಮೈಯವು, ಒರಟು ಮೈಯವು, ಎರಡರ ನಡುವಿನವು ಅಂತ ಮೂರು ಬಗೆ. ಚೂಟಿ ನಡುವಿನವಳು, ಗಲ್ಲದಲ್ಲಿ ಗಡ್ಡವೂ ಇದೆ. ಇಂಥ ಕೂದಲನ್ನು ಮಷಿನ್ ಹಾಕಿ ಕತ್ತರಿಸಿದರೆ ಸತ್ತ ಕೂದಲಿನ ಬುಡ ಅಲ್ಲೇ ಉಳಿದು, ಬರಬರುತ್ತ ಮೈ ಹತ್ತಿಯ ಹಾಗೆ ಮೆತ್ತಗಾಗುತ್ತದೆ. ಮಳೆ, ಮುಳ್ಳು ತಡೆಯುವ ಗಡಸು ಹೋಗಿಬಿಡುತ್ತದೆ. ಅದಕ್ಕೇ ವರ್ಷಕ್ಕೆರಡು ಸಲ ಕೈಯಲ್ಲೇ ಕೀಳುತ್ತೇನೆ. ಹೆಬ್ಬೆರಳು, ತೋರುಬೆರಳ ನಡುವೆ ನಾಲ್ಕೈದು ಎಳೆ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಹಣ್ಣಾದ ಕೂದಲು ನೋವಿಲ್ಲದೆ ಬಂದುಬಿಡುತ್ತದೆ. ಬರಲಿಲ್ಲ ಅಂದರೆ ಅದಕ್ಕಿನ್ನೂ ಹೊತ್ತಾಗಿಲ್ಲ, ಬಿಟ್ಟುಬಿಡಬೇಕು.

ನನಗೆ ನಿಜವಾಗಿ ಭಯ ಇರುವುದು ಕಣ್ಣಿನದು. ಕಣ್ಣಿನ ಮಸೂರವನ್ನು ಹಿಡಿದಿಡುವ ಎಳೆಗಳು ಸಡಿಲವಾಗಿ, ಮಸೂರ ಜಾರಿಬಿಡುವ ಕಾಯಿಲೆ ಈ ತಳಿಯಲ್ಲಿ ವಂಶದಲ್ಲೇ ಬರುತ್ತದೆ. ಹೆಚ್ಚಾಗಿ ಮೂರರಿಂದ ಎಂಟು ವರ್ಷದೊಳಗೆ. ಕಣ್ಣು ಕೆಂಪಾಗುವುದು, ನೀರು ಸುರಿಯುವುದು, ಅರ್ಧ ಮುಚ್ಚಿಕೊಳ್ಳುವುದು ಕಂಡರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಮರಿ ಕೊಟ್ಟವರು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಕೆನ್ನೆಯ ಒಳಗಿನ ಜೊಲ್ಲು ತೆಗೆದು ಮಾಡುವ ಡಿಎನ್‌ಎ ಪರೀಕ್ಷೆ ಇದೆ ಅಂತ ಗೊತ್ತಾಗಿ ಮಾಡಿಸಿದೆ. ದೋಷವಿರುವ ಜೀನ್ ಅವಳಲ್ಲಿ ಒಂದೇ ಪ್ರತಿ ಇದೆ. ಎರಡು ಇದ್ದರೆ ಅಪಾಯ ಬಹಳ, ಒಂದಿದ್ದರೆ ತೀರಾ ಕಡಿಮೆ. ಅವಳಿಂದ ಮರಿ ಮಾಡಿಸಲಿಲ್ಲ. ಮರಿ ತರುವವರು ಅಪ್ಪ ಅಮ್ಮ ಇಬ್ಬರದ್ದೂ ಈ ಪರೀಕ್ಷೆಯ ಕಾಗದ ಕೇಳಲೇಬೇಕು.

ಈಗ ಅವಳಿಗೆ ಏಳು ವರ್ಷ. ದಿನಾ ರಾತ್ರಿ ದೀಪದ ಹತ್ತಿರ ಕೂರಿಸಿಕೊಂಡು ಎರಡೂ ಕಣ್ಣು ನೋಡುತ್ತೇನೆ. ಅವಳಿಗೂ ರೂಢಿಯಾಗಿದೆ, ಗಲ್ಲವನ್ನು ಅಂಗೈ ಮೇಲೆ ಇಟ್ಟು ಕಾಯುತ್ತಾಳೆ. ಮುಗಿಯಿತು ಅಂದ ಕೂಡಲೇ ಹಾಸಿಗೆಗೆ ಹಾರಿ ನನ್ನ ಕಡೆ ತಿರುಗಿ ನಿಲ್ಲುತ್ತಾಳೆ. ಹೊದಿಕೆಯ ಅಂಚನ್ನು ನಾನು ಎತ್ತಿ ಹಿಡಿಯಬೇಕು. ಮೊದಲು ತಲೆ, ಆಮೇಲೆ ಬೆನ್ನು, ಕೊನೆಗೆ ಆ ಮಚ್ಚೆ, ಬಾಲ.