ಸೀಬೆಹಣ್ಣು ಮತ್ತು ಪ್ರೊಟೀನ್ ಡಬ್ಬಿ

ತಂಗಿಯ ಮಗ ಓದಿಗಾಗಿ ಮೈಸೂರಿನ ನಮ್ಮ ಮನೆಯಲ್ಲಿದ್ದಾನೆ. ಜಿಮ್‌ಗೆ ಸೇರಿದ ಮೇಲೆ ಅವನು ಬೆಳಗಿನ ತಿಂಡಿಯನ್ನೂ ನಾನು ಹೆಚ್ಚಿಡುತ್ತಿದ್ದ ಹಣ್ಣನ್ನೂ ಬಿಟ್ಟು, ನೀರಿನಲ್ಲಿ ಕಲಕಿದ ಪ್ರೊಟೀನ್ ಪುಡಿಯನ್ನಷ್ಟೇ ಕುಡಿದು ಕಾಲೇಜಿಗೆ ಹೊರಡತೊಡಗಿದ. "ದೊಡ್ಡಮ್ಮ, ಹಣ್ಣಿನಲ್ಲಿರುವುದು ಬರೀ ಸಕ್ಕರೆ" ಎಂಬುದು ಅವನ ವಾದ. ಉತ್ತರ ಕೊಡುವ ಮೊದಲು ಡಬ್ಬಿಯ ಹಿಂಬದಿಯನ್ನು ಓದುವುದು ನ್ಯಾಯವೆಂದು ತೋರಿ, ಒಂದು ಭಾನುವಾರ ಕನ್ನಡಕ ಹಾಕಿಕೊಂಡು ಕುಳಿತೆ.

ಒಂದು ಅಳತೆ ಪುಡಿಯಲ್ಲಿ 24 ಗ್ರಾಂ ಪ್ರೊಟೀನ್ ಇದೆಯೆಂದು ಅಲ್ಲಿ ಬರೆದಿತ್ತು. ಬಾಳೆಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸಿಗುವುದು ಸುಮಾರು 1 ಗ್ರಾಂ. ಹಣ್ಣುಗಳ ಪೈಕಿ ಪ್ರೊಟೀನ್ ತುಸು ಹೆಚ್ಚಿರುವ ಸೀಬೆಯಲ್ಲೂ ಹೆಚ್ಚೆಂದರೆ ಎರಡೂವರೆ ಗ್ರಾಂ. ಆ 24 ಗ್ರಾಂ ಅನ್ನು ಬಾಳೆಹಣ್ಣಿನಿಂದಲೇ ಪಡೆಯಬೇಕೆಂದರೆ ಎರಡು ಕಿಲೋಗೂ ಹೆಚ್ಚು ತಿನ್ನಬೇಕು. ಈ ಲೆಕ್ಕದಲ್ಲಿ ಹುಡುಗ ಗೆದ್ದನೆಂದು ಒಪ್ಪಿಕೊಂಡೆ.

ಆದರೆ ಸೀಬೆಯನ್ನು ಪ್ರೊಟೀನಿಗಾಗಿ ತಿನ್ನುವವರು ಯಾರು? ಅದರ 100 ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದೆ. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಇದೇ ಸಿ ಜೀವಸತ್ವ ನೆರವಾಗುತ್ತದೆ. ಜೊತೆಗೆ, ಹೊಟ್ಟೆ ತುಂಬಿದ ಭಾವವನ್ನು ಬಹಳ ಹೊತ್ತು ಉಳಿಸುವ ನಾರಿದೆ. ಡಬ್ಬಿಯ ಪಟ್ಟಿಯಲ್ಲಿ ನಾರಿನ ಎದುರು ಇದ್ದದ್ದು ಸೊನ್ನೆ. ಇನ್ನು ಸಕ್ಕರೆಯ ಮಾತು: ವಿಶ್ವ ಆರೋಗ್ಯ ಸಂಸ್ಥೆಯು ಕಡಿಮೆ ಮಾಡಿರೆಂದು ಹೇಳುವ ಸಕ್ಕರೆಯ ಗುಂಪಿಗೆ ಹಣ್ಣಿನ ರಸ ಸೇರುತ್ತದೆಯೇ ಹೊರತು ಇಡೀ ಹಣ್ಣು ಸೇರುವುದಿಲ್ಲ. ಅವನ ಪುಡಿಗೆ ಸಿಹಿ ಬಂದದ್ದು ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕದಿಂದ.

ಆ ಪುಡಿಯ ಮೂಲವಾದ ವೇ ಎಂಬುದು ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ಬರುತ್ತದೆ. ಪನೀರ್ ಮಾಡಿದ ದಿನ ಆ ನೀರನ್ನು ನಾನು ಚಪಾತಿ ಹಿಟ್ಟಿಗೆ ಸುರಿಯುತ್ತೇನೆಂದು ತಿಳಿದಾಗ ಅವನ ಮುಖ ನೋಡುವಂತಿತ್ತು. ವೇ ಒಳ್ಳೆಯ ಗುಣಮಟ್ಟದ ಪ್ರೊಟೀನ್ ಎಂಬುದು ನಿಜವೇ. ಅಗಿಯಲಾಗದ ವೃದ್ಧರಿಗೆ, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವವರಿಗೆ ವೈದ್ಯರೇ ಇಂತಹ ಪುಡಿಯನ್ನು ಬರೆದುಕೊಡುವುದುಂಟು. ಆರೋಗ್ಯವಂತರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್ ಸಾಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಳತೆ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೊಡನೆ ಅದು ಹೊರಡಿಸಿದ ಆಹಾರ ಮಾರ್ಗಸೂಚಿಯು, ಮೈಕಟ್ಟು ಬೆಳೆಸಲು ಪ್ರೊಟೀನ್ ಪುಡಿಗಳ ಮೊರೆಹೋಗಬೇಡಿರೆಂದೇ ಹೇಳಿದೆ.

ಹೀಗಾಗಿ ಡಬ್ಬಿಯ ನಿಜವಾದ ಎದುರಾಳಿ ಹುರುಳಿ, ಮೊಳಕೆಕಾಳು, ಮೊಟ್ಟೆ, ಕಡಲೆಕಾಯಿಗಳು. ಹಣ್ಣನ್ನು ಆ ಕಣಕ್ಕೆ ಇಳಿಸಿದ್ದೇ ನಮ್ಮಿಬ್ಬರ ತಪ್ಪು. ಎರಡು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು ಕೂಡಿಸಿದರೆ ಅದೇ 24 ಗ್ರಾಂ ಆಗುತ್ತದೆಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಮೊಬೈಲಿನಲ್ಲಿ ಮತ್ತೊಮ್ಮೆ ಕೂಡಿಸಿ ನೋಡಿದ. ಡಬ್ಬಿ ಈಗಲೂ ಅಡುಗೆಮನೆಯ ಕಪಾಟಿನಲ್ಲಿದೆ, ತಿಂಡಿ ತಪ್ಪಿದ ದಿನ ಹೊರಬರುತ್ತದೆ. ದೇವರಾಜ ಮಾರುಕಟ್ಟೆಯಿಂದ ತಂದ ಸೀಬೆಗೆ ಮಾತ್ರ, ಉಪ್ಪು ಖಾರ ಹಚ್ಚಿಟ್ಟರೆ, ಅವನಿಂದ ಈಚೆಗೆ ಯಾವ ಆಕ್ಷೇಪವೂ ಬಂದಿಲ್ಲ.