ಕೊಟ್ಟಿಗೆಯ ತೊಲೆಯ ಮೇಲೊಂದು ಮಣ್ಣಿನ ಗೂಡು

ಬೆನ್ನು ಹೊಳೆಯುವ ನೀಲಿ, ಹಣೆ ಮತ್ತು ಗಂಟಲು ಕೆಂಗಂದು, ಬಾಲ ಆಳವಾಗಿ ಕವಲೊಡೆದದ್ದು: ಬಾರ್ನ್ ಸ್ವಾಲೋ ಎಂದು ಕರೆಯುವ ಕವಲುತೋಕೆಯನ್ನು ಗುರುತಿಸಲು ಇಷ್ಟು ಸಾಕು. ಸುಮಾರು 20 ಗ್ರಾಂ ತೂಗುವ ಈ ಹಕ್ಕಿ ಹಿಂದೆ ಗುಹೆಗಳಲ್ಲಿ ಗೂಡು ಕಟ್ಟುತ್ತಿತ್ತು. ಈಗ ಬಹುಮಟ್ಟಿಗೆ ದನದ ಕೊಟ್ಟಿಗೆ, ಕುದುರೆ ಲಾಯ, ಸೇತುವೆಗಳ ಅಡಿಭಾಗವನ್ನೇ ನೆಚ್ಚಿಕೊಂಡಿದೆ.

ಅದರ ವಲಸೆಯ ಕಥೆಯೇ ಹೆಚ್ಚು ಪ್ರಸಿದ್ಧ. 1911ರಲ್ಲಿ ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ ಒಂದು ಹಕ್ಕಿ 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಸಿಕ್ಕಿದ್ದರಿಂದ, ಯುರೋಪಿನ ಕವಲುತೋಕೆಗಳು ಚಳಿಗಾಲ ಕಳೆಯಲು ಎಷ್ಟು ದೂರ ಹೋಗುತ್ತವೆಂಬುದಕ್ಕೆ ಕಣ್ಣೆದುರಿನ ಸಾಕ್ಷ್ಯ ದೊರೆಯಿತು. ಆದರೂ ನನಗೆ ಅದರ ಗೂಡೇ ಹೆಚ್ಚಿನ ಅಚ್ಚರಿ.

ಗಂಡು ಹೆಣ್ಣುಗಳೆರಡೂ ಕೊಕ್ಕಿನಲ್ಲಿ ಹಸಿಮಣ್ಣಿನ ಉಂಡೆಗಳನ್ನು ತಂದು, ಹುಲ್ಲಿನ ಎಳೆಗಳನ್ನು ಬೆರೆಸಿ, ಸಾಲಿನ ಮೇಲೆ ಸಾಲಾಗಿ ತೊಲೆಗೋ ಗೋಡೆಗೋ ಮೆತ್ತುತ್ತ ಹೋಗುತ್ತವೆ. ಒಂದು ಗೂಡಿಗೆ ಸಾವಿರದ ಆಸುಪಾಸಿನಷ್ಟು ಉಂಡೆಗಳು ಬೇಕಾಗುವುದರಿಂದ, ಹತ್ತಿರದಲ್ಲಿ ಕೆಸರು ಇಲ್ಲದಿದ್ದರೆ ಎಷ್ಟು ಒಳ್ಳೆಯ ಸೂರಿದ್ದರೂ ಅವುಗಳಿಗೆ ಪ್ರಯೋಜನವಿಲ್ಲ. ಒಳಗೆ ಹುಲ್ಲು ಮತ್ತು ಗರಿಗಳ ಮೆತ್ತೆಯ ಮೇಲೆ ನಾಲ್ಕೈದು ಮೊಟ್ಟೆಗಳು. ಎರಡು ವಾರಗಳ ಕಾವು, ಬಳಿಕ ಮೂರು ವಾರಗಳ ಪಾಲನೆ. ಗಟ್ಟಿಯಾಗಿ ಉಳಿದ ಹಳೆಯ ಗೂಡನ್ನು ಮರುವರ್ಷ ಕೇವಲ ಅಂಚು ಸರಿಪಡಿಸಿ ಬಳಸುವುದುಂಟು, ಆದ್ದರಿಂದ ಸ್ವಚ್ಛತೆಯ ಹೆಸರಿನಲ್ಲಿ ಅದನ್ನು ಕೆರೆದು ತೆಗೆಯುವುದು ಹಕ್ಕಿಯ ಹಲವು ದಿನಗಳ ದುಡಿಮೆಯನ್ನು ಹಾಳುಮಾಡಿದಂತೆ.

ಉದ್ದನೆಯ ಬಾಲ ಬರಿಯ ಅಲಂಕಾರವಲ್ಲ. ಗಂಡುಗಳ ಬಾಲದ ಹೊರಗರಿಗಳನ್ನು ಕೃತಕವಾಗಿ ಉದ್ದಗೊಳಿಸಿ ಡೆನ್ಮಾರ್ಕಿನಲ್ಲಿ ನಡೆಸಿದ, 1988ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂಥ ಗಂಡುಗಳಿಗೆ ಬೇಗನೆ ಸಂಗಾತಿಗಳು ದೊರೆತಿದ್ದವು.

ದನಗಳಿರುವಲ್ಲಿ ನೊಣಗಳಿರುತ್ತವೆ, ಹಾರುತ್ತಲೇ ಕೀಟಗಳನ್ನು ಹಿಡಿದು ತಿನ್ನುವ ಈ ಹಕ್ಕಿಗೆ ಕೊಟ್ಟಿಗೆಯೆಂದರೆ ಮನೆಯೂ ಹೌದು, ಊಟದ ಪಡಸಾಲೆಯೂ ಹೌದು. ಹೈನುಗಾರಿಕೆ ನಿಂತ ಯುರೋಪಿನ ಜಮೀನುಗಳಲ್ಲಿ ಇವುಗಳ ಸಂಖ್ಯೆ ಕುಸಿದುದಕ್ಕೆ ಇದೂ ಒಂದು ಕಾರಣ. ಎಲ್ಲ ಕಡೆ ತಗಡು ಮುಚ್ಚಿದ, ಬಾಗಿಲು ತೆರೆಯದ ಹೊಸ ಕಟ್ಟಡಗಳಂತೂ ಒಳದಾರಿಯನ್ನೇ ಕಸಿದುಕೊಳ್ಳುತ್ತವೆ. ಗೋಡೆಯ ಮೇಲ್ಭಾಗದಲ್ಲಿ ಅಂಗೈ ಅಗಲದ ಒಂದು ಕಿಂಡಿ ಬಿಟ್ಟರೂ ಅವು ನುಗ್ಗಿ ಬರಬಲ್ಲವು. ಕೆಳಗೆ ಬೀಳುವ ಹಿಕ್ಕೆಯ ಬಗೆಗೆ ಬೇಸರವಿದ್ದವರು ಗೂಡಿನಿಂದ ಸ್ವಲ್ಪ ಕೆಳಗೆ ಒಂದು ಹಲಗೆ ಹೊಡೆದು, ಮರಿಗಳು ಹಾರಿಹೋದ ಮೇಲೆ ಅದನ್ನು ತೊಳೆದರೆ ಆಯಿತು.