‘ಇದೆಲ್ಲ ನಿಜವಾಗಿ ನಡೆದದ್ದೇ ಸಾರ್?’

ಹೌದು, ಸೈನ್ಯದಲ್ಲಿದ್ದೆ. ಹೌದು, 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದಲ್ಲಿ, ದ್ರಾಸ್‌ನಲ್ಲಿದ್ದೆ. ಹೌದು, ನಿವೃತ್ತನಾಗಿ ಹಾಸನಕ್ಕೆ ಬಂದ ಮೇಲೆ ಯುದ್ಧದ ಕಾದಂಬರಿ ಬರೆದೆ. ಇಷ್ಟು ತಿಳಿದ ಮೇಲೆ ಎಲ್ಲರೂ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳುವುದು ಒಂದೇ: ‘ಅದರಲ್ಲಿರುವುದೆಲ್ಲ ನಿಜವಾಗಿ ನಡೆದದ್ದೇ ಸಾರ್?’ ದನಿ ತಗ್ಗಿಸಿದರೆ ನನಗೆ ಕೇಳಿಸುವುದಿಲ್ಲ. ತೋಪಿನ ಪಕ್ಕದಲ್ಲಿ ಸವೆದ ಕಿವಿ ಇದು. ಹಾಗಾಗಿ ಗುಟ್ಟಿನ ಪ್ರಶ್ನೆಯನ್ನು ಅವರು ಊರಿಗೆಲ್ಲ ಕೇಳುವಂತೆ ಇನ್ನೊಮ್ಮೆ ಕೂಗಬೇಕಾಗುತ್ತದೆ.

ಕಳೆದ ವರ್ಷ ಒಂದು ಮದುವೆಯಲ್ಲಿ ಹೀಗೆ ಕೂಗಿದವರು ನಿವೃತ್ತ ಮೇಷ್ಟ್ರು. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೇ ಬಂದು ಕುಳಿತರು. ಕೋಸಂಬರಿ ಬಡಿಸುವಷ್ಟರಲ್ಲಿ ವಿಚಾರಣೆ ಶುರುವಾಯಿತು. ‘ಆ ಕುಂಟುವ ಹವಾಲ್ದಾರ ನಮ್ಮ ಹೊಳೆನರಸೀಪುರದ ಕಡೆಯವನು ತಾನೇ? ಅವನ ತಮ್ಮ ನನ್ನ ಶಿಷ್ಯ.’ ಅಂಥ ಹವಾಲ್ದಾರ ಯಾವ ಊರಲ್ಲೂ ಇಲ್ಲ, ನಾನೇ ಕಟ್ಟಿದ ಪಾತ್ರ ಎಂದೆ. ‘ನನ್ನ ಹತ್ತಿರ ಯಾಕೆ ಮುಚ್ಚಿಡುತ್ತೀರಿ ಬಿಡಿ’ ಎಂದು ಅನ್ನ ಕಲಸಿದರು. ಹುಳಿ ಮುಗಿಸಿ ತಿಳಿಸಾರಿಗೆ ಬಂದಾಗ ತೀರ್ಪು ಹೊರಬಿತ್ತು. ‘ಆದರೆ ಒಂದು ಮಾತು. ತೋಪು ಸಿಡಿಯುತ್ತಿರುವಾಗ ಸಿಪಾಯಿ ಪಕ್ಕದಲ್ಲೇ ಗೊರಕೆ ಹೊಡೆದ ಎಂದು ಬರೆದಿದ್ದೀರಲ್ಲ, ಅದು ಸ್ವಲ್ಪ ಅತಿಯಾಯಿತು.’

ಇಡೀ ಅಧ್ಯಾಯದಲ್ಲಿ ನಿಜವಾಗಿ ನಡೆದದ್ದು ಅದೊಂದೇ. ಗೊರಕೆ ಹೊಡೆದವನು ನಾನು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಪಾಯಸ ಬಂತು, ಮೇಷ್ಟ್ರ ಕುತೂಹಲ ಅತ್ತ ತಿರುಗಿತು.

ಇನ್ನು ಸಭ್ಯತೆ ಸಾಕು. ‘ನಿಜವೇ?’ ಎಂದು ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಕೇಳಬಯಸುವುದು ‘ಎಷ್ಟು ಜನರನ್ನು ಕೊಂದಿರಿ?’ ಎಂದು. ಬಾಯಿ ಬಿಟ್ಟು ಕೇಳಲು ಸಂಕೋಚ. ಕಾಲೇಜು ಹುಡುಗರಿಗೆ ಆ ಸಂಕೋಚವೂ ಇಲ್ಲ, ನೇರವಾಗಿಯೇ ಕೇಳುತ್ತಾರೆ. ಅವರ ಮೇಲೆ ನನಗೆ ಅಷ್ಟು ಕೋಪವಿಲ್ಲ.

ಉತ್ತರ: ಗೊತ್ತಿಲ್ಲ. ನಾನು ಗನ್ನರ್, ತೋಪು ಹಾರಿಸುವವನು. ಬೋಫೋರ್ಸ್ ತೋಪಿನ ಒಂದು ಗುಂಡು ನಲವತ್ತು ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ನಮ್ಮ ಕಡೆಯ ಕಾಫಿ ಮೂಟೆಗಿಂತ ತುಸು ಕಡಿಮೆ, ಆದರೆ ಹಿಡಿದುಕೊಳ್ಳಲು ಮೂಲೆಯಿಲ್ಲ. ಅದನ್ನು ಹತ್ತು ಸಾವಿರ ಅಡಿಗೂ ಮೇಲಿನ ತೆಳು ಗಾಳಿಯಲ್ಲಿ, ಏದುಸಿರು ಬಿಡುತ್ತಾ ಎತ್ತಿಕೊಡಬೇಕು. ಅದೇ ತೆಳು ಗಾಳಿಯಲ್ಲಿ ಗುಂಡು, ದೂರ ಲೆಕ್ಕಹಾಕುವ ಪಟ್ಟಿ ಹೇಳುವುದಕ್ಕಿಂತ ದೂರ ಹೋಗಿ ಬೀಳುತ್ತದೆ. ಲೆಕ್ಕವನ್ನೇ ತಿದ್ದಬೇಕು. ಬೀಳುವ ಜಾಗವನ್ನು ನೋಡುವವನು ಪದಾತಿ ದಳದ ಜೊತೆ ಮೇಲೆಲ್ಲೋ ಕುಳಿತ ಓಪಿ, ಅಂದರೆ ವೀಕ್ಷಣಾ ಠಾಣೆಯ, ಅಧಿಕಾರಿ. ಅವನ ದನಿ ರೇಡಿಯೊದಲ್ಲಿ ಬರುತ್ತದೆ: ಎಡಕ್ಕೆ ಐವತ್ತು, ಮುಂದಕ್ಕೆ ನೂರು. ನಾವು ಕೋನ ಬದಲಿಸುತ್ತೇವೆ, ಕಿವಿ ಮುಚ್ಚಿಕೊಳ್ಳುತ್ತೇವೆ. ಆ ಯುದ್ಧದಲ್ಲಿ ನಮ್ಮ ತೋಪುದಳ ಹಾರಿಸಿದ ಗುಂಡು, ರಾಕೆಟ್‌ಗಳು ಸುಮಾರು 2,50,000. ಅದರಲ್ಲಿ ನನ್ನ ಕೈ ದಾಟಿ ಹೋದವು ಎಲ್ಲಿ ಬಿದ್ದವು, ಯಾರ ಮೇಲೆ ಬಿದ್ದವು? ಕಂಡಿದ್ದರೆ ವರದಿ ಬರೆಯುತ್ತಿದ್ದೆ. ಕಾಣದ್ದಕ್ಕೇ ಕಾದಂಬರಿ ಬರೆದೆ.

ಹಳೇಬೀಡು, ಬೇಲೂರಿನ ಸುತ್ತ ಎಷ್ಟು ವೀರಗಲ್ಲುಗಳಿವೆ, ನೋಡಿಯೇ ಇರುತ್ತೀರಿ. ಕೆಳಗಿನ ಅಂಕಣದಲ್ಲಿ ಕಾಳಗ. ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಸನ್ನಿಧಿ. ನಮ್ಮೂರ ಕೆರೆ ಏರಿಯ ಕಲ್ಲಿಗೆ ಇಂದಿಗೂ ಅರಿಶಿನ ಕುಂಕುಮ ಬೀಳುತ್ತದೆ. ಆ ಶಿಲ್ಪಿಯನ್ನು ‘ಅಪ್ಸರೆಯರು ನಿಜವಾಗಿ ಬಂದಿದ್ದರೇನಪ್ಪಾ, ನೀನು ಅಲ್ಲಿದ್ದೆಯಾ?’ ಎಂದು ಯಾರೂ ಕೇಳಿರಲಾರರು. ಪಂಪನಂತೂ ಕವಿಯೂ ಹೌದು, ಕಲಿಯೂ ಹೌದು. ಕಂಡ ಕಾಳಗವನ್ನೆಲ್ಲ ಅರ್ಜುನನ ಹೆಸರಿಗೆ ಬರೆದು ಆರಾಮವಾಗಿದ್ದ. ನನಗೆ ಮಾತ್ರ ಎಲೆಯ ಮುಂದೆ ಅಡ್ಡಪ್ರಶ್ನೆ.

ಕೇಳಲೇಬೇಕೆಂದಿದ್ದರೆ ಯಾವುದು ಸುಳ್ಳು ಎಂದು ಕೇಳಿ. ಸಂತೋಷದಿಂದ ಹೇಳುತ್ತೇನೆ. ಹನ್ನೊಂದನೆಯ ಅಧ್ಯಾಯ ಪೂರ್ತಿ ಸುಳ್ಳು. ಅದರಲ್ಲಿ ಶಿಖರದ ಮೇಲಿನ ಬಂಕರಿನಲ್ಲಿ ಒಬ್ಬ ಕುಳಿತಿದ್ದಾನೆ, ಆ ಕಡೆಯವನು. ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿ ಎಂಬ ಪಡೆಯವನು. ಆ ಪಡೆಯಲ್ಲಿ ಗಿಲ್ಗಿಟ್, ಬಾಲ್ಟಿಸ್ತಾನದ ಹಳ್ಳಿ ಹುಡುಗರೇ ಹೆಚ್ಚು. ಮೇಲಿರುವವರು ತನ್ನ ಸೈನಿಕರೇ ಅಲ್ಲ ಎಂದು ಪಾಕಿಸ್ತಾನ ಆಗ ಸಾಧಿಸುತ್ತಿತ್ತು. ಕೆಲವರ ಶವಗಳನ್ನು ಅಲ್ಲೇ, ಅವರ ಧರ್ಮದ ವಿಧಿಯಂತೆ, ನಮ್ಮವರೇ ಮಣ್ಣು ಮಾಡಿದರು. ತನ್ನ ದೇಶವೇ ಇಲ್ಲ ಎಂದ ಮನುಷ್ಯ ನಿಜವೋ ಸುಳ್ಳೋ, ಮೇಷ್ಟ್ರು ಹೇಳಲಿ. ನಾನು ಅವನಿಗೆ ಹೆಸರು ಕೊಟ್ಟೆ, ಹಲ್ಲುನೋವು ಕೊಟ್ಟೆ. ಅವನು ಲವಂಗವೊಂದನ್ನು ದವಡೆಯಲ್ಲಿ ಒತ್ತಿಕೊಂಡು ರಾತ್ರಿಯಿಡೀ ನಮ್ಮ ಗುಂಡುಗಳನ್ನು ಎಣಿಸುತ್ತಾನೆ. ಅಧ್ಯಾಯದಲ್ಲಿ ಬೇರೇನೂ ಆಗುವುದಿಲ್ಲ.

ಈ ಸುಳ್ಳಿನ ಬಗ್ಗೆ ಕೇಳಿದವನು ಇಷ್ಟು ವರ್ಷದಲ್ಲಿ ಒಬ್ಬನೇ. ಹಾಸನದ ಬಸ್ ನಿಲ್ದಾಣದಲ್ಲಿ ಗುರುತು ಹಿಡಿದು, ‘ವೈರಿಗೆ ಅಷ್ಟು ಪುಟ ಯಾಕೆ ಕೊಟ್ಟಿರಿ?’ ಎಂದು ಜಗಳಕ್ಕೇ ಬಂದ. ಕೈ ಹಿಡಿದು ಹೋಟೆಲಿಗೆ ಕರೆದೊಯ್ದು ಕಾಫಿ ಕುಡಿಸಿದೆ. ನನ್ನ ಉತ್ತರ ಮುಗಿಯುವಷ್ಟರಲ್ಲಿ ಅವನ ಅರಸೀಕೆರೆ ಬಸ್ಸು ಹೊರಟುಹೋಗಿತ್ತು. ಅವನಿಗೆ ಉತ್ತರ ಒಪ್ಪಿಗೆಯೂ ಆಗಲಿಲ್ಲ.